ನೀರಿನಡಿಯ ವ್ಯಾಪಾರ

ಸಮುದ್ರದ ತಳದಲ್ಲಿ ಯಾರೋ ಮರುಳಪ್ಪನ ತೋರುಬೆರಳು ಹಿಡಿದುಕೊಂಡರು.

ಹಾರನಹಳ್ಳಿಯ ಮರುಳಪ್ಪ ದನದ ದಲ್ಲಾಳಿ. ಹೆಂಡತಿ ಅನುಸೂಯಮ್ಮನ ಜೊತೆ ಮುರುಡೇಶ್ವರನ ದರ್ಶನಕ್ಕೆ ಬಂದವನು ನೀರಿಗಿಳಿದದ್ದು ಅಕ್ಕನ ಮಗ ಸಂತುವಿನ ದೆಸೆಯಿಂದ. ಆ ಕಡೆಗೆ ಆಗಷ್ಟೇ ಹೊಸದಾಗಿ ಬಂದಿದ್ದ ಸ್ಕೂಬಾ ಡೈವಿಂಗ್ ಮಾಡಿಯೇ ತೀರುತ್ತೇನೆಂದು ಎಲ್ಲರನ್ನೂ ದೋಣಿ ಹತ್ತಿಸಿದ ವೀರ, ನೇತ್ರಾಣಿ ದ್ವೀಪ ಕಾಣುವ ಮೊದಲೇ ವಾಂತಿ ಮಾಡಿಕೊಂಡು ಉದ್ದಕ್ಕೆ ಮಲಗಿಬಿಟ್ಟ. ಮಾಡಿದ ಏರ್ಪಾಡು ದಂಡವಾಗಬಾರದೆಂದು ಮಾವನೇ ರಬ್ಬರಿನ ಅಂಗಿ ತೊಟ್ಟ.

ಜೊತೆಗೆ ಇಳಿಯಬೇಕಾಗಿದ್ದ ತರಬೇತುದಾರ ಮಾದೇವ ದೋಣಿಯಲ್ಲಿ ಒಂದೇ ಮಾತನ್ನು ಹತ್ತು ಬಗೆಯಲ್ಲಿ ಹೇಳಿದ್ದ: ಏನನ್ನೂ ಮುಟ್ಟಬಾರದು. ಹವಳ ತುಳಿಯಬಾರದು, ಮೀನನ್ನು ಅಟ್ಟಬಾರದು, ಆಮೆಯ ಬೆನ್ನು ಸವರಬಾರದು. ಅದು ಅವುಗಳ ಮನೆ. ನಾವು ಹೊಸ್ತಿಲಾಚೆ ನಿಂತು ನೋಡಿ ಬರಬೇಕಾದವರು. ಮರುಳಪ್ಪ ತಲೆಯಾಡಿಸಿದ. ಅನುಸೂಯಮ್ಮನಿಗೆ ಮಾತ್ರ ಗಂಡನ ಕೈಯ ಮೇಲೆ ಕಿಂಚಿತ್ತೂ ನಂಬಿಕೆ ಇರಲಿಲ್ಲ. ಪ್ರಾಣಿ ಕಂಡರೆ ಬೆನ್ನು ತಟ್ಟಿ, ಬಾಲ ಎತ್ತಿ, ತುಟಿ ಬಿಡಿಸಿ ಹಲ್ಲು ನೋಡದೆ ಮುಂದೆ ಹೋಗುವ ಗಂಡಸಲ್ಲ ಅವನು. ಮಗಳನ್ನು ಕೊಡುವ ಮೊದಲು ಬೀಗರ ಮನೆ ನೋಡಲು ಹೋದಾಗಲೂ ನೇರವಾಗಿ ಕೊಟ್ಟಿಗೆಗೆ ನುಗ್ಗಿ, ಎಮ್ಮೆಯ ಬಾಯಿಗೆ ಕೈ ಹಾಕಿ, ಅದೇ ಕೈಯಲ್ಲಿ ಒಬ್ಬಟ್ಟಿಗೆ ಕೂತು ಮಾನ ಕಳೆದಿದ್ದ.

"ಕೈ ಕಂಕುಳಲ್ಲಿ ಮಡಿಕ್ಕಳಿ," ಎಂದಿದ್ದಳು ಅವಳು. "ಅವು ನಿಮ್ ಸಂತೆ ದನ ಅಲ್ಲ."

ಸ್ವಲ್ಪ ಹೊತ್ತು ಮಡಿಕ್ಕೊಂಡೇ ಇದ್ದ, ಪಾಪ. ಬಣ್ಣಬಣ್ಣದ ಮೀನುಗಳ ಹಿಂಡು ಮೂಗಿನ ಮುಂದೆ ಹಾದುಹೋದಾಗ ಬರಿಯ ಕಣ್ಣಿನಲ್ಲೇ ಬೆಲೆ ಕಟ್ಟಿ ಸುಮ್ಮನಾದ. ಆದರೆ ಬಂಡೆಯೊಂದರ ಪೊಟರೆಯಲ್ಲಿ ಮೆತ್ತಗಿನದೇನೋ ಉಸಿರಾಡುತ್ತಿತ್ತು. ಕಂದು ಬಣ್ಣಕ್ಕಿದ್ದದ್ದು ನೋಡುತ್ತಿದ್ದಂತೆ ಕೆಂಪಾಯಿತು. ಒಳಗಿನಿಂದ ಥೇಟ್ ಮೇಕೆಯ ಕಣ್ಣು ಅವನನ್ನೇ ನೋಡುತ್ತಿತ್ತು. ಮೇಕೆಯ ಕಣ್ಣು ಕಂಡ ಮೇಲೆ ಮರುಳಪ್ಪನ ಕೈ ಯಾರ ಮಾತೂ ಕೇಳುವುದಿಲ್ಲ. ಅದು ಕಂಕುಳಿಂದ ತಾನಾಗಿ ಹೊರಬಂದು ಪೊಟರೆಯ ಬಾಯಿಗೆ ಹೋಯಿತು. ಒಳಗಿದ್ದ ಆಕ್ಟೋಪಸ್ ಬೆರಳು ಹಿಡಿದದ್ದು ಆಗಲೇ.

ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಒತ್ತಿ ಮಾತಾಡುತ್ತಾರೆ. ನಡುವೆ ಕೈ ಕಿತ್ತುಕೊಂಡರೆ ಎದುರಿನವನ ಮುಖಕ್ಕೆ ಉಗಿದಂತೆ. ಮೀಸೆ ಚಿಗುರಿದಾಗಿನಿಂದ ಇಂದಿನವರೆಗೆ ಮರುಳಪ್ಪ ಮೊದಲು ಕೈ ಬಿಟ್ಟವನಲ್ಲ. ಅರಸೀಕೆರೆ ಸಂತೆಯಲ್ಲಿ ಅವನಿಗಿದ್ದ ಹೆಸರೆಂದರೆ ಅದೊಂದೇ, ಅದರ ಮೇಲೆ ಅವನಿಗೆ ಪ್ರಾಣ. ನೀರಿನೊಳಗಿನ ಸುದ್ದಿಯನ್ನು ಸಂತೆಗೆ ಒಯ್ಯುವವರು ಯಾರು ಎಂದು ಕೇಳಬೇಡಿ. ಅನುಸೂಯಮ್ಮ ಮೇಲೆ ದೋಣಿಯಲ್ಲೇ ಇದ್ದಳು.

ಹಾಗಾಗಿ ಅವನು ಕೈ ಎಳೆಯಲಿಲ್ಲ. ಎದುರಿನ ಗಿರಾಕಿ ಒಂದು ಬೆರಳು ಒತ್ತಿತು, ಬಿಟ್ಟಿತು, ಎರಡು ಹಿಡಿಯಿತು. ಇನ್ನೊಂದು ಕೈ ತಂದು ಉಂಗುರ ತಡವಿತು. ಮತ್ತೊಂದು ಕೈ ಮುಂಗೈಯುದ್ದಕ್ಕೂ ಹತ್ತಿ ಬಂದು ಭುಜ ಅಮುಕಿತು. ಇಷ್ಟೊಂದು ಕೈಗಳಿಂದ ಒಟ್ಟಿಗೆ ಚೌಕಾಸಿ ಮಾಡುವ ಆಸಾಮಿಯನ್ನು ಅವನು ಯಾವ ಜಾತ್ರೆಯಲ್ಲೂ ಕಂಡಿರಲಿಲ್ಲ. ಮಾದೇವ ಲಗುಬಗೆಯಿಂದ ಈಜಿ ಬಂದು, ಎಳೆಯಬೇಡಿ, ಅದಕ್ಕೆ ನೋವಾಗುತ್ತದೆ ಎಂದು ಸನ್ನೆ ಮಾಡಿದ. ಆಮೇಲೆ ಸಿಲಿಂಡರಿನ ಗಾಳಿ ಅಳೆಯುವ ಮುಳ್ಳು ತೋರಿಸಿದ. ಗಾಳಿ ಇಳಿಯುತ್ತಿತ್ತು. ಮರುಳಪ್ಪನಿಗೆ ಜೀವಭಯ ಹತ್ತಿತು. ಆದರೂ ಕೈ ಅಲ್ಲಾಡಿಸಲಿಲ್ಲ. ಆ ಪ್ರಾಣಿ ಅವನ ಮೀಸೆ ಸವರಿ, ಬಾಯಿಗಿಟ್ಟ ರಬ್ಬರು ನಳಿಗೆಯ ಸುತ್ತ ತುಟಿಯನ್ನು ಮೆಲ್ಲಗೆ ಮುಟ್ಟಿ ನೋಡಿತು. ಅಲ್ಲಿಗೆ ಅದರ ಮೈ ಬೆಳ್ಳಗಾಯಿತು. ಒಂದೊಂದೇ ಕೈ ಬಿಡಿಸಿಕೊಂಡು ಒಳಗೆ ಸರಿದು, ಪೊಟರೆಯ ಬಾಯಿಗೆ ಒಂದು ಕಲ್ಲನ್ನು ಎಳೆದುಕೊಂಡಿತು.

ದೋಣಿ ಹತ್ತಿದ ಮೇಲೆ ಮಾದೇವ ಉರಿದುಬಿದ್ದ. "ಮುಟ್ಬೇಡಿ ಅಂತ ಎಷ್ಟು ಸಲ ಹೇಳಿದ್ದೆ ಮಾರಾಯ್ರೆ?" ಎಂದವನು, ಉಸಿರು ಹಿಂತಿರುಗಿದ ಮೇಲೆ, ಕೈ ಜಗ್ಗದೆ ನಿಂತದ್ದೊಂದೇ ನೀವು ಮಾಡಿದ ಪುಣ್ಯದ ಕೆಲಸ ಎಂದೂ ಒಪ್ಪಿಕೊಂಡ. ಮರುಳಪ್ಪ ಅದಕ್ಕೆ ಹಿಗ್ಗಲಿಲ್ಲ. ಬೆರಳ ಮೇಲೆ ಎದ್ದಿದ್ದ ದುಂಡು ದುಂಡು ಗುರುತುಗಳನ್ನು ನೋಡುತ್ತ ಮೂಲೆಯಲ್ಲಿ ಕೂತಿದ್ದ. ಅವನಿಗೆ ನಿಜವಾಗಿಯೂ ಬೇಜಾರಾಗಿತ್ತು.

ಅನುಸೂಯಮ್ಮ ಸೆರಗಿನಿಂದ ಅವನ ತಲೆ ಒರೆಸುತ್ತ, ಅಲ್ಲೂ ಹೋಗಿ ಕೈ ಹಾಕಿದಿರಲ್ಲ, ಯಾರ ಬೆಲೆ ಕಟ್ಟುತ್ತಿದ್ದಿರಿ ಎಂದು ಕೇಳಿದಳು.

"ನಾನ್ ಕಟ್ಟಿಲ್ಲ ಕಣೇ," ಎಂದ ಮರುಳಪ್ಪ. "ಅದೇ ನಂಗೆ ಬೆಲೆ ಕಟ್ತಿತ್ತು. ಕೈ, ಭುಜ, ಮೀಸೆ, ಬಾಯಿ, ಎಲ್ಲಾ ನೋಡ್ತು."

"ಆಮ್ಯಾಕೆ?"

"ಬ್ಯಾಡ ಅಂತ ಕೈ ಬುಟ್ಟು, ಬಾಗ್ಲು ಹಾಕ್ಕೊಂತು."