ಕಪ್ಪುನೀರಿನ ಕ್ಯಾನು

ಕಾಗದಕ್ಕಾಗಿ ಬಿದಿರು ಬೇಯಿಸಿದ ಮೇಲೆ ಉಳಿಯುವ ಕಪ್ಪುನೀರನ್ನು ದಿನಾ ಒಂದು ಕ್ಯಾನು ತಂದುಕೊಡಿ ಎಂದು ಗಿರಣಿಗೆ ಹೊಸದಾಗಿ ಬಂದ ಮೇಡಂ ಹೇಳಿದಾಗಲೇ ಗವಿಯಪ್ಪನಿಗೆ ಅನುಮಾನ ಹುಟ್ಟಿತು.

"ಹೊಳೆಗೆ ಬಿಡೋ ನೀರು ನಿಮಗ್ಯಾಕೆ ಮೇಡಮ್ಮೋರೆ?"

"ಪರೀಕ್ಷೆ ಮಾಡೋಕೆ ಗವಿಯಪ್ಪಣ್ಣ. ಈಗ್ಲೇ ಯಾರಿಗೂ ಹೇಳ್ಬೇಡಿ."

ಹೊಳೆ ಕೆಡಿಸಿದ್ದಕ್ಕೆ ಸಾಕ್ಷಿ ಹುಡುಕಲು ಸರ್ಕಾರದವರೇ ಇವಳನ್ನು ಕಳಿಸಿರಬೇಕು. ಗಿರಣಿಗೆ ಬೀಗ ಬಿದ್ದರೆ ಐವತ್ತೆರಡರ ಪ್ರಾಯದಲ್ಲಿ ತನಗೆ ಕೆಲಸ ಕೊಡುವವರು ಯಾರು? ಅಂದಿನಿಂದ ಅವನು ಕ್ಯಾನಿಗೆ ಒಂದು ಚೊಂಬು ಕಪ್ಪುನೀರು ಸುರಿದು, ಮಿಕ್ಕ ಜಾಗಕ್ಕೆ ನಲ್ಲಿನೀರು ತುಂಬಿಸಿ ತರತೊಡಗಿದ.

"ಇಷ್ಟು ತೆಳ್ಳಗಿದೆಯಲ್ಲ?" ಎಂದು ಅವಳು ಹುಬ್ಬು ಗಂಟಿಕ್ಕಿದರೆ, "ನಮ್ಮ ಗಿರಣೀದು ಯಾವಾಗ್ಲೂ ಹಿಂಗೇಯ, ಬಲೇ ಶುದ್ಧ" ಎಂದುಬಿಡುತ್ತಿದ್ದ.

ತಿಂಗಳಾದ ಮೇಲೆ ಅವಳು ತನ್ನ ಗಾಜಿನ ಸೀಸೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಗವಿಯಪ್ಪನಿಗೆ ಗೆದ್ದ ಖುಷಿ.

"ಏನೂ ಸಿಗ್ಲಿಲ್ವೇನ್ ಮೇಡಮ್ಮೋರೆ?"

"ಇಲ್ಲಣ್ಣ. ಈ ನೀರಲ್ಲಿರೋ ಲಿಗ್ನಿನ್ ಅನ್ನೋ ಅಂಟು ತೆಗೆದು ಪ್ಲೈವುಡ್ಡಿನವರಿಗೆ ಮಾರಿ, ಮುಚ್ಚಿಹೋಗೋ ಗಿರಣೀನ ಉಳಿಸ್ಕೊಳೋಣ ಅಂತ ನಿಮ್ಮ ಮಾಲೀಕರು ನನ್ನ ಕರೆಸಿದ್ರು."