ಭಾವ ಹೇಳಿದ್ರು

ಮುಂದಿನ ಮಡ್‌ಗಾರ್ಡ್ ಬಿಚ್ಚಿ ಪಕ್ಕಕ್ಕಿಟ್ಟು ಮೆಕ್ಯಾನಿಕ್ ಕೈ ಚಾಚಿದ. ಹೆಂಡತಿಯ ತಮ್ಮ ಡಬ್ಬ ಬಿಚ್ಚಿ ಫೋರ್ಕ್ ಬ್ರೇಸನ್ನು ಅವನ ಅಂಗೈ ಮೇಲಿಟ್ಟ. ಕಮಾನಿನಂತೆ ಬಾಗಿದ ಅಲ್ಯೂಮಿನಿಯಂ ತುಂಡು. ಮುಂದಿನ ಫೋರ್ಕಿನ ಎರಡು ಕಾಲುಗಳನ್ನು ಚಕ್ರದ ಮೇಲೆ ಒಂದಕ್ಕೊಂದು ಸೇರಿಸಿ, ಕಲ್ಲುಮಣ್ಣಿನ ದಾರಿಯಲ್ಲಿ ಒಂದು ಅತ್ತ ಒಂದು ಇತ್ತ ತಿರುಚದ ಹಾಗೆ ಹಿಡಿದಿಡುವುದು ಅದರ ಕೆಲಸ.

ಹೆಂಡತಿ ಅನ್ನುವಂತಿರಲಿಲ್ಲ ಈಗ. ಇಬ್ಬರೂ ಕೋರ್ಟಿನಲ್ಲಿ ಸಹಿ ಹಾಕಿ ವರ್ಷ ದಾಟಿತ್ತು. ತಮ್ಮ ಮಾತ್ರ ಚೈನ್ ಸಡಿಲವಾದರೂ, ಹಾರ್ನ್ ಕೆಮ್ಮಿದರೂ ಇಲ್ಲಿಗೇ ಬರುತ್ತಿದ್ದ. ‘ಭಾವ’ ಅಂತಲೇ ಕರೆಯುತ್ತಿದ್ದ. ಆ ಮನೆಯ ಕಡೆಯಿಂದ ಮೆಕ್ಯಾನಿಕ್‌ಗೆ ಉಳಿದಿದ್ದದ್ದು ಆ ಒಂದು ಕರೆ. ಅದು ಕಿವಿಗೆ ಬಿದ್ದ ದಿನ ಅವನು ಊಟ ಚೆನ್ನಾಗಿ ಮಾಡುತ್ತಿದ್ದ.

“ಇದೆಲ್ಲ ಯಾಕೋ ನಿಂಗೆ, ಕಡ್ಡಿ? ನೀನು ಹತ್ತಿದ್ರೆ ಗಾಡಿಗೆ ಗೊತ್ತೂ ಆಗಲ್ಲ. ಯಾವುದೋ ಕಾಗೆ ಕೂತಿರ್ಬೇಕು ಅಂದ್ಕೊಳ್ಳುತ್ತೆ.”

“ಆಡ್ಕೊಳ್ಳಿ, ಆಡ್ಕೊಳ್ಳಿ. ನಿಮಗೇನು, ನೀವು ಹತ್ತಿದ್ರೆ ಗಾಡಿ ಹೆದರಿ ನೆಲಕ್ಕೆ ಅಂಟ್ಕೊಂಡುಬಿಡುತ್ತೆ. ಅಲ್ಲಾಡೋ ಪ್ರಶ್ನೆನೇ ಇಲ್ಲ.”

“ಡಾಂಬರು ರೋಡಲ್ಲಿ ಆಫೀಸಿಗೆ ಹೋಗಿ ಬರೋನಿಗೆ ಬ್ರೇಸ್ ಹಾಕಿಸ್ಕೋ ಅಂತ ಯಾವ ಮಹಾನುಭಾವ ಹೇಳಿಕೊಟ್ಟ?”

“ಭಾವ ಹೇಳಿದ್ರು,” ಅಂದ ಕಡ್ಡಿ, ಕೈಯಲ್ಲಿದ್ದ ಬೋಲ್ಟ್ ನೋಡುತ್ತಾ.

“ನಾನ್ಯಾವಾಗ ಹೇಳಿದ್ನೋ?” ಮೆಕ್ಯಾನಿಕ್ ನಕ್ಕುಬಿಟ್ಟ.

ಕಡ್ಡಿ ನಗಲಿಲ್ಲ. ಬೋಲ್ಟನ್ನು ಅಂಗಿಯ ಅಂಚಿಗೆ ಉಜ್ಜತೊಡಗಿದ. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ, ಹೊಚ್ಚ ಹೊಸದು. ಅದನ್ನು ನೋಡುತ್ತಾ ನೋಡುತ್ತಾ ಮೆಕ್ಯಾನಿಕ್‌ನ ನಗು ಮುಖದ ಮೇಲೇ ಹಳಸಿತು.

“ಹೇಳ್ಬೇಕು ಅಂತಾನೇ ಬಂದೆ,” ಅಂದ ಕಡ್ಡಿ. “ಹೋದ ತಿಂಗಳು ಅಕ್ಕ, ಅವರು ರಿಜಿಸ್ಟರ್ ಮದುವೆ ಮಾಡ್ಕೊಂಡ್ರು. ನಾವು ಮನೆಯವರಷ್ಟೇ ಇದ್ವಿ. ಬಾಯಿ ತಪ್ಪಿ ಹೀಗೆ ಬರುತ್ತೆ ಅಂದ್ಕೊಂಡಿರ್ಲಿಲ್ಲ.”

“ಗಾಡಿ ಓಡಿಸ್ತಾರಾ ಅವರು?”

“ಹೂಂ. ನಾವಿಬ್ರೂ ಬೆಟ್ಟದ ಕಡೆ ಹೋಗಿಬರೋಣ ಅಂದಿದ್ದಾರೆ. ಆ ಕಡೆ ರೋಡು ಪೂರ್ತಿ ಹಾಳಂತೆ.”

“ಸರಿ ಬಿಡು. ಕೊಡು ಬೋಲ್ಟು.”

ಬ್ರೇಸ್ ಕೂರಿಸುವುದಕ್ಕೆ ಒಂದು ಕ್ರಮವಿದೆ. ಮೊದಲು ಬೋಲ್ಟುಗಳನ್ನು ಬೆರಳಲ್ಲಷ್ಟೇ ತಿರುಗಿಸಿ ಬಿಡಬೇಕು. ಬ್ರೇಕ್ ಹಿಡಿದು ಗಾಡಿಯ ಮೂತಿಯನ್ನು ಚೆನ್ನಾಗಿ ಕುಲುಕಬೇಕು. ಎರಡು ಕಾಲುಗಳೂ ತಮಗೆ ಬೇಕಾದ ಅಂತರವನ್ನು ತಾವೇ ಹುಡುಕಿಕೊಂಡ ಮೇಲೆ ಬಿಗಿಯಬೇಕು. ಬಂದವರಿಗೆಲ್ಲ ಇದನ್ನು ಪಾಠದಂತೆ ಒಪ್ಪಿಸುತ್ತಿದ್ದವನು ಮೆಕ್ಯಾನಿಕ್ಕೇ. ಈಗ ಅವನು ಅಲೆನ್ ಕೀ ಎತ್ತಿಕೊಂಡವನೇ ಎಲ್ಲ ಬೋಲ್ಟುಗಳನ್ನೂ ಒಂದೇ ಉಸಿರಿಗೆ ಬಿಗಿದುಬಿಟ್ಟ. ಮಣಿಕಟ್ಟಿನ ನರ ಉಬ್ಬುವ ಹಾಗೆ.

ಕಡ್ಡಿ ಗಾಡಿ ಹತ್ತಿ ಹ್ಯಾಂಡಲ್ ಒತ್ತಿದ. ಫೋರ್ಕ್ ನರಳಿಕೊಂಡು ಅರ್ಧ ಇಳಿಯಿತು. ಅಲ್ಲೇ ನಿಂತಿತು.

“ಮೇಲಕ್ಕೆ ಬರ್ತಾ ಇಲ್ಲ, ಭಾವ.”

ಅಂದಮೇಲೆ ಅವನು ತುಟಿ ಕಚ್ಚಿಕೊಂಡ. ಆ ಮಾತನ್ನು ಇಲ್ಲಿ ಇನ್ನೂ ಆಡಬಹುದೋ ಇಲ್ಲವೋ ಅವನಿಗೇ ಗೊತ್ತಿದ್ದಂತಿರಲಿಲ್ಲ. ಮೆಕ್ಯಾನಿಕ್ ಕೇಳಿಸದವನಂತೆ ಮಂಡಿಯೂರಿ ಕೂತ.

“ನಂದೇ ತಪ್ಪು. ಕಾಲಿಗೆ ಅಲ್ಲಾಡೋಕೂ ಬಿಡದೆ ಬಿಗಿದ್ರೆ ಇನ್ನೇನಾಗುತ್ತೆ? ತಡಿ.” ಒಂದೊಂದೇ ಬೋಲ್ಟ್ ಸಡಿಲಿಸಿದ. ಕೊನೆಯದು ಸಡಿಲವಾದದ್ದೇ ಫೋರ್ಕ್ ತಾನಾಗಿ ಮೇಲೆದ್ದಿತು. “ಹೂಂ, ಈಗ ಕುಲುಕು. ನಾನು ಸಾಕು ಅನ್ನೋವರೆಗೂ.”

ಕಡ್ಡಿ ಒತ್ತಿದ, ಬಿಟ್ಟ, ಒತ್ತಿದ, ಬಿಟ್ಟ. ಸಾಕಾಗುವಷ್ಟು ಆಗಿತ್ತು. ಮೆಕ್ಯಾನಿಕ್ ಸಾಕು ಅನ್ನಲಿಲ್ಲ. ಎದುರಿಗೆ ಏರಿ ಇಳಿಯುತ್ತಿದ್ದ ಬ್ರೇಸನ್ನೇ ನೋಡುತ್ತಾ ಕೇಳಿದ:

“ಏನು ಕೆಲಸ ಅವರಿಗೆ?”

“ಕನ್ನಡಕದ ಅಂಗಡಿ ಇದೆ.”

“ಅವಳು ಚೆನ್ನಾಗಿದ್ದಾಳಾ?”

ಕಡ್ಡಿಯ ಕೈ ನಿಂತಿತು. ನೋವಾಗದಂಥ ಉತ್ತರವೊಂದನ್ನು ಅವನು ಹುಡುಕುತ್ತಿರುವುದು ಕಾಣುತ್ತಿತ್ತು. ಕೊನೆಗೆ, ಏನೋ ಸಣ್ಣ ವಿಷಯ ಅನ್ನುವ ಹಾಗೆ, “ಅಂಥಾ ವಿಶೇಷ ಏನಿಲ್ಲ,” ಅಂದ. “ಅವರು ಭಾನುವಾರ ಅಂಗಡಿ ಬಾಗಿಲು ಹಾಕ್ತಾರೆ. ಅಷ್ಟೇ.”

ಮೆಕ್ಯಾನಿಕ್ ಬೋಲ್ಟುಗಳನ್ನು ಈ ಸಲ ಹದವಾಗಿ ಬಿಗಿದು, ಮಡ್‌ಗಾರ್ಡನ್ನು ಮತ್ತೆ ಕೂರಿಸಿದ. ಕಡ್ಡಿ ಗಾಡಿ ಇಳಿಸಿ, ಹೆಲ್ಮೆಟ್ ಹಾಕಿಕೊಂಡು, ತಲೆ ಅಲ್ಲಾಡಿಸಿ ಹೊರಟ. ಬೀದಿಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಷಟರುಗಳೂ ಇಳಿದಿದ್ದವು. ನಡುರಸ್ತೆಯಲ್ಲಿ ನಾಯಿಯೊಂದು ಕಾಲು ಚಾಚಿ ಮಲಗಿತ್ತು. ಗಾಡಿ ಅದನ್ನು ಬಳಸಿ ಹೋಗುವುದನ್ನು ಮೆಕ್ಯಾನಿಕ್ ಬಾಗಿಲಲ್ಲಿ ನಿಂತು ನೋಡಿದ. ಆಮೇಲೆ ಒಳಗೆ ಬಂದು, ಕೈಯೊರೆಸಿಕೊಂಡು, ಷಟರ್ ಎಳೆಯುವ ಕೊಕ್ಕೆಗಾಗಿ ಅತ್ತಿತ್ತ ಹುಡುಕಿದ. ಅದನ್ನು ಎಲ್ಲಿಡುತ್ತೇನೆಂದು ತಟ್ಟನೆ ನೆನಪಾಗಲಿಲ್ಲ.

ಅಷ್ಟರಲ್ಲಿ ಒಬ್ಬಾತ ಪಂಚರಾದ ಸ್ಕೂಟರ್ ತಳ್ಳಿಕೊಂಡು, ಏದುಸಿರು ಬಿಡುತ್ತಾ ಬಾಗಿಲಿಗೆ ಬಂದ. ಹಿಂದೆ ಅವನ ಹೆಂಡತಿ, ಇಬ್ಬರ ಹೆಲ್ಮೆಟ್ಟನ್ನೂ ತೋಳಿಗೆ ಸಿಕ್ಕಿಸಿಕೊಂಡು, ಎಲ್ಲಿಗೋ ಹೊರಟ ಒಳ್ಳೆಯ ಬಟ್ಟೆಯಲ್ಲಿ.

“ಅಬ್ಬಾ, ಸದ್ಯ!” ಅಂದ ಆತ. “ಪುಣ್ಯಾತ್ಮರು ಸಾರ್ ನೀವು. ಭಾನುವಾರಾನೂ ತೆಗೆದಿರೋರು ಇಡೀ ಊರಲ್ಲಿ ನೀವೊಬ್ರೇ ಅಂತೆ!”