ಬಾಗಿಲು ಬಡಿದರೆ

ಬಾಗಿಲ ಮೇಲೆ ಬಡಿತ ಬಿದ್ದ ಕೂಡಲೇ ಲೊರೇನ್ ನಾಯಿಯನ್ನು ಮಡಿಲಿಗೆಳೆದುಕೊಂಡು ಅದರ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿ ಹಿಡಿದಳು. ಅವಳ ಗಂಡ ಡ್ವೈಟ್ ಒಲೆ ಆರಿಸಿ, ಬಾಣಲೆ ಹಿಡಿದೇ ನಿಂತ.

"ಸೆಕ್ಯುರಿಟಿಯವನು," ಎಂದು ಪಿಸುಗುಟ್ಟಿದ. "ಉಸಿರೂ ಬಿಡಬೇಡ. ಯಾರೂ ಇಲ್ಲ ಅಂದ್ಕೊಂಡು ಹೋಗ್ತಾನೆ."

ಅಂಗಡಿಗಳ ಪಾರ್ಕಿಂಗಿನಲ್ಲಿ ಗಾಡಿ ನಿಲ್ಲಿಸಿ ಅದರಲ್ಲೇ ಬದುಕುವವರು ಮೊದಲು ಕಲಿಯುವ ಪಾಠ ಇದೇ: ಬಾಗಿಲು ಬಡಿದರೆ ಸತ್ತವರಂತಿರಬೇಕು; ಒಳಗೆ ಜನ ವಾಸವಿದ್ದಾರೆಂದು ಗೊತ್ತಾದರೆ ಗಾಡಿ ಹೋದ ಹಾಗೇ. ಹೋದ ತಿಂಗಳು ಇದೇ ಸಾಲಿನಲ್ಲಿ ಬಾಗಿಲು ತೆಗೆದ ಹೆಂಗಸಿನ ಗಾಡಿಯನ್ನು ಹಾಸಿಗೆ, ಪಾತ್ರೆ, ಸಕ್ಕರೆ ಕಾಯಿಲೆಯ ಔಷಧಿ ಸಮೇತ ಎಳೆದುಕೊಂಡು ಹೋದರು. ಒಬ್ಬರ ಮನೆಯನ್ನೇ ಕೊಕ್ಕೆಗೆ ಸಿಕ್ಕಿಸಿ ಎಳೆಯಲು ಈ ದೇಶದಲ್ಲಿ ಒಬ್ಬ ಕಾವಲುಗಾರನ ಫೋನು ಸಾಕು.

ಮತ್ತೆ ಬಡಿತ. ಈ ಸಲ ಮೆಲ್ಲಗೆ, ಬಾಗಿಲಿನ ಕೆಳಭಾಗದಲ್ಲಿ.

"ಪಕ್ಕದ ವ್ಯಾನಿನ ಮರ್ವಿನ್ ಆಗಿದ್ರೆ?"

"ನಮ್ಮೋರು ಯಾರಾದ್ರೂ ಬಾಗಿಲು ಬಡೀತಾರೇನೇ? ಹೆಸರು ಹಿಡಿದು ಕೂಗ್ತಾರೆ. ಆ ಮುದುಕ ಕೂಗಿದ್ರೆ ಅರ್ಧ ಅರಿಜೋನಾಗೆ ಕೇಳುತ್ತೆ. ಸುಮ್ನಿರು ಮಾರಾಯ್ತಿ."

ಲೊರೇನ್ ನಾಯಿಯನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು. ಆಗ ಅವಳ ಹೊಟ್ಟೆಗೆ ಏನೋ ಪಟಪಟ ತಾಗತೊಡಗಿತು. ಕಾವಲುಗಾರರ ವಾಸನೆಗೇ ನಡುಗುವ ನಾಯಿ ಈಗ ಬಾಲ ಅಲ್ಲಾಡಿಸುತ್ತಿತ್ತು, ದಿನಾ ಬೆಳಿಗ್ಗೆ ಮಾಂಸದ ಚೂರು ತರುವ ಮರ್ವಿನ್‌ನನ್ನು ಕಂಡಾಗ ಅಲ್ಲಾಡಿಸುವ ಹಾಗೆ.

ಅವಳು ಧಡಕ್ಕನೆ ಎದ್ದು ಚಿಲಕ ತೆಗೆದು ಬಾಗಿಲನ್ನು ಹೊರಕ್ಕೆ ತಳ್ಳಿದಳು. ಅದು ತೆರೆಯಲಿಲ್ಲ. ಮೆಟ್ಟಿಲ ಮೇಲೆ ಯಾರೋ ಅದಕ್ಕೆ ಒರಗಿ ಬಿದ್ದಿದ್ದರು.